ಜೀವದ ಪರ ನಿಲ್ಲುವುದೆಂದರೆ ಏನು?



ಕಳೆದ ತಿಂಗಳು ಭಾನುವಾರದ ಬಲಿಪೂಜೆಯ ನಂತರ ನಮ್ಮ ಯುವಜನರ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಚುನಾವಣೆ ಬಂದಾಗ ಕಥೋಲಿಕರಾದ ನಾವು ಏನನ್ನು ನೋಡಿ ಮತ ಹಾಕಬೇಕು? ಜತ್ತ ತಾಲ್ಲೂಕಿನಲ್ಲಿ ಇದಕ್ಕೆ ಎಲ್ಲರ ಬಳಿ ಇರುವ ಉತ್ತರ ಒಂದೇ: ನೀರು. ಆದರೆ ಒಬ್ಬ ಯುವಕ ಎದ್ದು, "ಗರ್ಭಪಾತವನ್ನು ವಿರೋಧಿಸುವವರಿಗೆ ಮಾತ್ರ ನಮ್ಮ ಮತ" ಎಂದ. ಇನ್ನೊಬ್ಬಳು, "ನಮ್ಮ ಕಡೆ ಯಾವ ಅಭ್ಯರ್ಥಿಯೂ ಆ ಮಾತನ್ನೇ ಎತ್ತುವುದಿಲ್ಲವಲ್ಲ" ಎಂದಳು. ಚರ್ಚೆ ಜೋರಾಯಿತು. ಹಿಂದೆ ಚಾಪೆ ಮಡಚುತ್ತಿದ್ದ ಒಬ್ಬ ತಾಯಿ ಮೆಲ್ಲಗೆ ಕೇಳಿದರು: "ನನಗ ಮೂರನೇದೂ ಹೆಣ್ಣಾದಾಗ ನಮ್ಮ ಮನ್ಯಾಗ ಬರ್ಫಿನೂ ಹಂಚಲಿಲ್ಲ, ತಮ್ಮಾ. ಆವಾಗ ನಿಮ್ಮ ಪೈಕಿ ಯಾರ ಬಂದಿದ್ರಿ?"

ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಬರ್ಫಿ ಎಂಬ ರೂಢಿ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ತಾಯಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮ್ಹೈಸಾಳ ಎಂದ ಕೂಡಲೇ ನಮಗೆ ನೆನಪಾಗುವುದು ಏತ ನೀರಾವರಿ. ಅಲ್ಲಿ ಕೃಷ್ಣೆಯ ನೀರನ್ನು ಎತ್ತಿ ಹಂತ ಹಂತವಾಗಿ ನಮ್ಮ ಬರದ ಸೀಮೆಯ ಕಡೆಗೆ ಹರಿಸುತ್ತಾರೆ. ಅದೇ ಊರು 2017ರ ಮಾರ್ಚ್‌ನಲ್ಲಿ ಇನ್ನೊಂದು ಕಾರಣಕ್ಕೆ ದೇಶಕ್ಕೆಲ್ಲ ಸುದ್ದಿಯಾಯಿತು. ಗರ್ಭಪಾತದಿಂದ ಒಬ್ಬ ಯುವ ತಾಯಿ ಸತ್ತ ಪ್ರಕರಣದ ತನಿಖೆಗೆ ಹೋದ ಪೊಲೀಸರಿಗೆ, ಮಣ್ಣಿನಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. ತನಿಖೆ ಗಡಿಯ ಎರಡೂ ಕಡೆಗೆ ಹಬ್ಬಿತು. ನೀರಿಗಾಗಿ ಎರಡು ರಾಜ್ಯಗಳ ನಡುವೆ ಜಗ್ಗಾಡುವ ನಾವು, ಈ ಪಾಪದಲ್ಲಿ ಮಾತ್ರ ಗಡಿಯನ್ನೇ ಮರೆತಿದ್ದೆವು.

ಆಗ ಹಿಂದೂ, ಮುಸ್ಲಿಮ್, ಕ್ರೈಸ್ತ ಎನ್ನದೆ ಎಲ್ಲರೂ ಮರುಗಿದರು. "ಅವು ಬರೀ ಮಾಂಸದ ಮುದ್ದೆ, ಬಿಡಿ" ಎಂದು ಯಾರೂ ಹೇಳಿದ್ದು ನಮಗೆ ನೆನಪಿಲ್ಲ. ಮಣ್ಣಿನಡಿ ಇದ್ದವು ಮಕ್ಕಳು ಎಂದು ಎಲ್ಲರ ಮನಸ್ಸಿಗೂ ಗೊತ್ತಿತ್ತು. ಹೆಣ್ಣೆಂಬ ಕಾರಣಕ್ಕೆ ತೆಗೆದಾಗ ಅದು ಮಗು. ಬೇರೆ ಕಾರಣಕ್ಕೆ ತೆಗೆದಾಗ ಅದು ಏನೂ ಅಲ್ಲ ಎನ್ನಲು ಹೇಗೆ ಸಾಧ್ಯ? ಧರ್ಮಸಭೆ ಕೇಳುವ ಪ್ರಶ್ನೆ ಇದೇ. 1971ರ ಕಾಯ್ದೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿತು. 2021ರ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಆ ಅವಧಿಯನ್ನು 24 ವಾರಗಳವರೆಗೆ ವಿಸ್ತರಿಸಿತು. ಕಾನೂನು ಅನುಮತಿಸಿದ್ದೆಲ್ಲ ಧರ್ಮವಾಗುವುದಿಲ್ಲ. 1995ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ತಮ್ಮ 'ಎವಾಂಜೆಲಿಯುಮ್ ವಿಟೇ' ವಿಶ್ವಪತ್ರದಲ್ಲಿ ಬೋಧಿಸಿದ್ದನ್ನು ನಾವು ಇಂದಿಗೂ ಸಂಕೋಚವಿಲ್ಲದೆ ಹೇಳಬೇಕು.

ಆದರೆ ಕಾನೂನು ಬಿಗಿಯಾದರೆ ಎಲ್ಲ ಸರಿಯಾಗುತ್ತದೆ ಎಂದುಕೊಳ್ಳುವುದೂ ತಪ್ಪು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದನ್ನು 1994ರ ಕಾಯ್ದೆ ಅಪರಾಧವೆಂದಿದೆ. ಸೋನೋಗ್ರಫಿ ಸೆಂಟರಿನ ಗೋಡೆಗಳ ಮೇಲೆ ಆ ಫಲಕವೂ ಇದೆ. ಆದರೂ ಮ್ಹೈಸಾಳ ನಡೆಯಿತು. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರವಿಟ್ಟು ಇದೇ ದಂಧೆ ನಡೆಸುತ್ತಿದ್ದುದು ಬಯಲಾಯಿತು. ಬೆಲ್ಲ ಮಾಡುವ ಜಾಗವೂ ಈ ಕೆಲಸಕ್ಕೆ ಸಿಕ್ಕಿತೆಂದರೆ, ಗಿರಾಕಿಗಳು ಎಷ್ಟಿರಬೇಕು ಯೋಚಿಸಿ. ಆ ಗಿರಾಕಿಗಳು ನಮ್ಮಂಥ ಮನೆಗಳಿಂದಲೇ ಹೋದವರು.

ಬಿಎಸ್ಸಿ ತರಗತಿಯಲ್ಲಿ ಓದಿದ ಒಂದು ಪಾಠ ಇಲ್ಲಿ ನೆನಪಾಗುತ್ತದೆ. ತಾಯಿಯ ಅಂಡದಲ್ಲಿ ಇರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ಕಡೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೀಗಿದ್ದರೂ "ಇವಳಿಗೆ ಬರೀ ಹೆಣ್ಣು ಹುಟ್ಟುತ್ತವೆ" ಎಂಬ ಮಾತು ಬೀಳುವುದು ಸೊಸೆಯ ಮೇಲೆ. ಪಕ್ಕದ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಎಂಬ ಅರ್ಥದ 'ನಕುಶಾ' ಎಂಬ ಹೆಸರಿದ್ದ ನೂರಾರು ಹೆಣ್ಣುಮಕ್ಕಳಿಗೆ 2011ರಲ್ಲಿ ಸರ್ಕಾರಿ ಕಾರ್ಯಕ್ರಮ ಮಾಡಿ ಹೊಸ ಹೆಸರಿಟ್ಟರು. ನಾವು ಹಾಗೆ ಹೆಸರಿಡುವುದಿಲ್ಲ. ಮೇರಿ, ತೆರೆಸಾ ಎಂದು ಜ್ಞಾನಸ್ನಾನ ಮಾಡಿಸುತ್ತೇವೆ. ಆದರೆ ಸಂತರ ಹೆಸರಿಟ್ಟ ಮೇಲೂ ಅಜ್ಜಿಯ ಮುಖ ಬಾಡಿದ್ದರೆ, ಬೀಗರು ಬಂಗಾರದ ಲೆಕ್ಕ ಹಾಕುತ್ತಿದ್ದರೆ, ಆ ಮಗುವಿಗೆ ನಾವು ಇಟ್ಟ ನಿಜವಾದ ಹೆಸರು ಯಾವುದು?

"ನಾವು ಬೆರಳೆಣಿಕೆಯ ಮಂದಿ, ಮರಾಠಿಯವರ ನಡುವೆ ಕನ್ನಡದವರು, ಇತರರ ನಡುವೆ ಕ್ರೈಸ್ತರು. ನಮಗೇಕೆ ಈ ಉಸಾಬರಿ?" ಎಂದು ಹಿರಿಯರೊಬ್ಬರು ಕೇಳಿದರು. ಅವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಆದರೆ ನಮ್ಮಂಥ ಚಿಕ್ಕ ಸಮುದಾಯಕ್ಕೆ ಒಂದು ಅನುಕೂಲವಿದೆ. ಯಾರ ಮನೆಯಲ್ಲಿ ಯಾರು ಬಸುರಿ, ಯಾರು ಅಳುತ್ತಿದ್ದಾರೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಮರಿಯಮ್ಮನವರು ಎಲಿಜಬೇತಳ ಮನೆಗೆ ಹೋದಾಗ ಉಪದೇಶ ಕೊಡಲು ಹೋಗಲಿಲ್ಲ. ಮೂರು ತಿಂಗಳು ಜೊತೆಗಿದ್ದರು.

ಇನ್ನು, ಈಗಾಗಲೇ ಒತ್ತಾಯಕ್ಕೋ ಭಯಕ್ಕೋ ಮಗುವನ್ನು ಕಳೆದುಕೊಂಡ ಅಕ್ಕಂದಿರು ನಮ್ಮ ನಡುವೆಯೇ ಇರಬಹುದು, ಈ ಪುಟವನ್ನೇ ಓದುತ್ತಿರಬಹುದು. ಕೃತ್ಯವನ್ನು ಪಾಪವೆನ್ನುವ ಧರ್ಮಸಭೆಯೇ ಬಾಗಿಲನ್ನೂ ತೆರೆದಿಟ್ಟಿದೆ. ಈ ಪಾಪಕ್ಕೆ ಕ್ಷಮಾದಾನ ನೀಡುವ ಅಧಿಕಾರವನ್ನು ಜಗದ್ಗುರು ಫ್ರಾನ್ಸಿಸ್ 2016ರಲ್ಲಿ ಎಲ್ಲ ಗುರುಗಳಿಗೂ ಮುಂದುವರಿಸಿದರು. ಪಾಪನಿವೇದನೆಗೆ ಬನ್ನಿ; ಅಲ್ಲಿ ನಿಮ್ಮನ್ನು ಯಾರೂ ಬೈಯುವುದಿಲ್ಲ. ಬೈಸಿಕೊಳ್ಳಬೇಕಾದವರು, ನಿಮ್ಮನ್ನು ಆ ಬಾಗಿಲವರೆಗೆ ನೂಕಿ ಈಗ ಮುಂದಿನ ಸಾಲಿನಲ್ಲಿ ಕೂರುವವರು.

ಆದ್ದರಿಂದ ಮತ ಕೇಳಲು ಬಂದವರಿಗೆ ನೀರಿನ ಜೊತೆ ಇನ್ನೂ ಎರಡು ಪ್ರಶ್ನೆ ಕೇಳೋಣ: ನಮ್ಮ ಊರಿನ ಬಸುರಿಯರಿಗೆ ಹತ್ತಿರದಲ್ಲಿ ಹೆರಿಗೆಯ ವ್ಯವಸ್ಥೆ ಇದೆಯೇ? ಲಿಂಗ ಪತ್ತೆಯ ದೂರು ಬಂದರೆ ನೀವು ಯಾರ ಪರ ನಿಲ್ಲುತ್ತೀರಿ? ಅದಕ್ಕೂ ಮೊದಲು ನಮ್ಮ ಯುವಕರು ವರದಕ್ಷಿಣೆ ಬೇಡವೆಂದು ತಮ್ಮ ಮನೆಯಲ್ಲೇ ಹೇಳಲಿ.

ಯುವಜನ ಸಂಘ ಒಂದು ಸಣ್ಣ ನಿರ್ಧಾರ ಮಾಡಿದೆ. ಇನ್ನು ಮುಂದೆ ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯಲ್ಲಿ ಹೆಣ್ಣು ಹುಟ್ಟಿದರೂ, ಅದು ಮೊದಲನೆಯದಾಗಲಿ ನಾಲ್ಕನೆಯದಾಗಲಿ, ಆ ಭಾನುವಾರದ ಪೂಜೆಯ ನಂತರ ನಾವೇ ಪೇಡೆ ಹಂಚುತ್ತೇವೆ. ಹೌದು, ಪೇಡೆಯನ್ನೇ. ಮೊದಲ ಡಬ್ಬಿಯನ್ನು ಆ ತಾಯಿಯ ಮನೆಗೆ ಕೊಟ್ಟು ಬಂದೆವು. ಮೂರನೆಯ ಮಗಳಿಗೆ ಈಗ ಒಂಬತ್ತು ವರ್ಷ. ಬಾಗಿಲು ತೆರೆದವಳು ಅವಳೇ.

ಯುವಜನ ಸಂಯೋಜಕರು