ಸತ್ಯವೇದದ ಮೌನ ಯಾರ ಪರ?

ಕ್ರೈಸ್ತ ಆಚರಣೆಯೊಂದರ ಬಗ್ಗೆ ತಕರಾರು ಎದ್ದಾಗ, ಅದು ಸತ್ಯವೇದದಲ್ಲಿ ಇಲ್ಲವೆಂದು ಹೇಳಿಬಿಟ್ಟರೆ ವಾದ ತೀರಿತೆಂದು ತಿಳಿಯುವವರು ಬಹಳ. ಆದರೆ ಗ್ರಂಥ ಸುಮ್ಮನಿರುವಲ್ಲಿ ತೀರ್ಪು ತಾನಾಗಿ ಹೊರಡುವುದಿಲ್ಲ. ಮೌನವನ್ನು ಓದುವುದಕ್ಕೂ ಒಂದು ನಿಯಮ ಬೇಕಾಗುತ್ತದೆ. ಗ್ರಂಥವೇ ಪರಮ ಪ್ರಮಾಣವೆಂದು ಸಾರಿದ ಪ್ರೊಟೆಸ್ಟೆಂಟ್ ಸುಧಾರಕರೇ ಇಂಥ ಎರಡು ನಿಯಮಗಳನ್ನು ಬಿಟ್ಟುಹೋಗಿದ್ದಾರೆ: ಗ್ರಂಥ ನಿಷೇಧಿಸದ ಪದ್ಧತಿಯನ್ನು ಸಭೆ ಉಳಿಸಿಕೊಳ್ಳಬಹುದೆಂಬುದು ಮಾರ್ಟಿನ್ ಲೂಥರನ ನಿಲುವು, ಗ್ರಂಥ ವಿಧಿಸದ್ದು ಆರಾಧನೆಯಲ್ಲಿ ಇರಕೂಡದೆಂಬುದು ಜ್ಯೂರಿಕ್‌ನ ಹುಲ್ಡ್ರಿಖ್ ಜ್ವಿಂಗ್ಲಿಯ ನಿಲುವು. ಮೊದಲನೆಯದರಲ್ಲಿ ಮೌನವು ಅನುಮತಿಯಾದರೆ ಎರಡನೆಯದರಲ್ಲಿ ಅದೇ ಮೌನವು ನಿಷೇಧವಾಗುತ್ತದೆ.

ಈ ಭೇದ ಸ್ಪಷ್ಟವಾಗುವುದು ಶಿಶು ದೀಕ್ಷಾಸ್ನಾನದ, ಅಂದರೆ ಹಸುಗೂಸಿಗೆ ನೀರಿನ ಸಂಸ್ಕಾರ ಕೊಟ್ಟು ಸಭೆಗೆ ಸೇರಿಸಿಕೊಳ್ಳುವ ಪದ್ಧತಿಯ ವಿವಾದದಲ್ಲಿ. ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಆಜ್ಞೆಯೂ ಇಲ್ಲ, ತಡೆಯೂ ಇಲ್ಲ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಲುದ್ಯಳೂ ಫಿಲಿಪ್ಪಿಯ ಸೆರೆಯ ಅಧಿಕಾರಿಯೂ ಮನೆಯವರೊಡನೆ ದೀಕ್ಷಾಸ್ನಾನ ಪಡೆಯುತ್ತಾರಾದರೂ, ಆ ಮನೆಗಳಲ್ಲಿ ಕೂಸುಗಳಿದ್ದವೇ ಎಂಬುದನ್ನು ಗ್ರಂಥ ತಿಳಿಸುವುದಿಲ್ಲ. ಮಾರ್ಕನ 16:16 ನಂಬಿಕೆಯನ್ನು ಮೊದಲಿಗೂ ಸ್ನಾನವನ್ನು ಅನಂತರಕ್ಕೂ ಇಡುತ್ತದೆ.

ಲೂಥರನ ನಿಯಮಕ್ಕೆ ಇಲ್ಲಿ ತೊಡಕಿಲ್ಲ. ತೊಡಕು ಇರುವುದೆಲ್ಲ ಜ್ವಿಂಗ್ಲಿಗೆ. ಅವನ ಅನುಯಾಯಿಗಳೇ ಆಗಿದ್ದ ಕಾನ್ರಾಡ್ ಗ್ರೆಬೆಲ್, ಫೆಲಿಕ್ಸ್ ಮಾಂಟ್ಸ್ ಮೊದಲಾದವರು ಅವನ ನಿಯಮವನ್ನೇ ಶಿಶುಸ್ನಾನಕ್ಕೂ ಅನ್ವಯಿಸಿ, 1525ರ ಜನವರಿಯಲ್ಲಿ ನಂಬಿಕೆಯನ್ನು ಅರಿಕೆಮಾಡಿದ ವಯಸ್ಕರಿಗೆ ದೀಕ್ಷಾಸ್ನಾನ ಆರಂಭಿಸಿದರು. ಜ್ವಿಂಗ್ಲಿ ಆಗ ಹಳೆಯ ಒಡಂಬಡಿಕೆಯ ಸುನ್ನತಿಯನ್ನು ಮುಂದಿಟ್ಟು, ಗಂಡುಕೂಸಿಗೆ ಎಂಟನೆಯ ದಿನ ಆಗುತ್ತಿದ್ದ ಆ ಗುರುತಿನ ಸ್ಥಾನಕ್ಕೆ ದೀಕ್ಷಾಸ್ನಾನ ಬಂದಿದೆಯೆಂದು ವಾದಿಸಿದನು. ಕೊಲೊಸ್ಸೆಯವರಿಗೆ ಬರೆದ ಪತ್ರದ 2:11–12 ಇವೆರಡನ್ನೂ ಒಟ್ಟಿಗೆ ಹೇಳುವುದರಿಂದ ಈ ಊಹೆ ನಿರಾಧಾರವೇನಲ್ಲ. ಆದರೆ ಸುನ್ನತಿಯನ್ನು ಹಳೆಯ ಒಡಂಬಡಿಕೆಯಿಂದ ಅನುಮಾನದ ಬಲದಿಂದ ತರಬಹುದಾದರೆ, 150ನೆಯ ಕೀರ್ತನೆ ಹೆಸರಿಸುವ ತಂತಿವಾದ್ಯ, ಕೊಳಲುಗಳನ್ನು ಏಕೆ ತರಬಾರದು ಎಂಬ ಪ್ರಶ್ನೆಗೆ ಅವನಲ್ಲಿ ಒಪ್ಪತಕ್ಕ ಉತ್ತರವಿರಲಿಲ್ಲ. ಸ್ವತಃ ನುರಿತ ಸಂಗೀತಗಾರನಾಗಿದ್ದ ಅವನ ಸುಧಾರಣೆಯಲ್ಲೇ 1527ರಲ್ಲಿ ಜ್ಯೂರಿಕ್‌ನ ಮುಖ್ಯ ದೇವಾಲಯದ ಆರ್ಗನ್ ಒಡೆಯಲ್ಪಟ್ಟಿತು. ಅದೇ ವರ್ಷದ ಜನವರಿ 5ರಂದು ಮಾಂಟ್ಸ್‌ನನ್ನು ನಗರಸಭೆಯು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿತು. ವಾದ್ಯಕ್ಕೆ ಒಂದು ನಿಯಮ, ಕೂಸಿಗೆ ಇನ್ನೊಂದು ನಿಯಮ ಎಂದಾದಾಗ ತೀರ್ಪು ಕೊಡುತ್ತಿರುವುದು ಗ್ರಂಥವಲ್ಲ, ಅದನ್ನು ಕೈಯಲ್ಲಿ ಹಿಡಿದ ಅಧಿಕಾರ.

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ದಕ್ಷಿಣ ಭಾರತ ಸಭೆಯೂ ಅದನ್ನು ಒಪ್ಪದ ಪೆಂತೆಕೋಸ್ತ ಸಭೆಗಳೂ ಕರ್ನಾಟಕದಲ್ಲಿ ಅಕ್ಕಪಕ್ಕದಲ್ಲೇ ಇರುವುದರಿಂದ ಈ ವಿವೇಚನೆ ಇಲ್ಲಿಗೂ ಸಲ್ಲುತ್ತದೆ. ಮೌನವನ್ನು ಓದುವ ಎರಡು ನಿಯಮಗಳಲ್ಲಿ ಯಾವುದನ್ನೂ ಸತ್ಯವೇದ ತಾನೇ ಹೇಳಿಲ್ಲವಾದ್ದರಿಂದ, ಮತ್ತೊಬ್ಬರ ಆಚರಣೆಯನ್ನು ಗ್ರಂಥದ ಮೌನದಿಂದ ಖಂಡಿಸುವವರು ತಮ್ಮ ನಿಯಮವನ್ನು ಮೊದಲು ಘೋಷಿಸಿ, ತಮಗೆ ಪ್ರಿಯವಾದ ಆಚರಣೆಯನ್ನೂ ಅದಕ್ಕೆ ಒಡ್ಡಬೇಕಾಗುತ್ತದೆ.