ಕಳುಹಿಸಿದವರ ಹೆಸರಿಲ್ಲದ ಪುಸ್ತಕ



ಅಂಚೆಯವನು ನಿಮ್ಮ ಮನೆಗೆ ಒಂದು ಪುಸ್ತಕವನ್ನು ತಂದುಕೊಡುತ್ತಾನೆಂದು ಭಾವಿಸಿರಿ. ನಿಮ್ಮ ವಿಳಾಸ ಸ್ಫುಟವಾಗಿದೆ. ಕಳುಹಿಸಿದವರ ಹೆಸರು ಎಲ್ಲಿಯೂ ಇಲ್ಲ. ಈಚೆಗೆ ಚಿಕ್ಕಬಳ್ಳಾಪುರದ ನನ್ನ ಮನೆಗೆ ಹೀಗೊಂದು ಪುಸ್ತಕ ಬಂದಿತು. ಹಳೆಯ ವಚನಸಂಗ್ರಹ, ಮೊದಲ ಹಾಳೆಗಳು ಹರಿದುಹೋಗಿದ್ದವು. ಅಂಚೆಮುದ್ರೆಯು ಶಿಡ್ಲಘಟ್ಟದ್ದೋ ಚಿಂತಾಮಣಿಯದೋ ತಿಳಿಯದಷ್ಟು ಮಸುಕಾಗಿತ್ತು.

ಓದುವುದಕ್ಕೆ ಮೊದಲು ನಾನು ಕಳುಹಿಸಿದವರಾರೆಂದು ಊಹಿಸತೊಡಗಿದೆ. ಆಶ್ಚರ್ಯವೆಂದರೆ, ನನ್ನ ಹಿತೈಷಿಗಳ ಮುಖಗಳು ಮೊದಲು ಹೊಳೆಯಲಿಲ್ಲ. ನಾನು ಯಾರಿಗೆ ಋಣಿಯೋ, ಯಾರ ಮನಸ್ಸನ್ನು ನೋಯಿಸಿದ್ದೆನೋ ಅವರೇ ಒಬ್ಬೊಬ್ಬರಾಗಿ ಎದುರು ನಿಂತರು. ಅವರಲ್ಲಿ ಗೌರಿಬಿದನೂರಿನ ಗೆಳೆಯರೊಬ್ಬರಿದ್ದರು. ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರು ನಾವು. ಅವರ ತಂದೆ ಲಿಂಗೈಕ್ಯರಾದಾಗ ನಾನು ಹೋಗಲಿಲ್ಲ. ಮೊದಲು ಕೆಲಸದ ನೆಪ, ಆಮೇಲೆ ಸಂಕೋಚ. ಹಾಗೆಯೇ ಹನ್ನೊಂದು ವರ್ಷ ಕಳೆಯಿತು.

ಹೆಸರನ್ನು ಮರೆಮಾಡಿ ಕೊಡುವುದು ಹಿರಿದಾದ ಗುಣವೇ? ನಮ್ಮ ಪರಂಪರೆ ಅದನ್ನು ಮೆಚ್ಚುತ್ತದೆ. ದಾನದಲ್ಲಿ ಕೊಟ್ಟವನೆಂಬ ಅಹಂಭಾವ ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಶರಣರು ವಚನಗಳಿಗೆ ಅಂಕಿತವಾಗಿ ಇಟ್ಟದ್ದು ಸಾಮಾನ್ಯವಾಗಿ ಇಷ್ಟದೈವದ ಹೆಸರನ್ನು. ನಮ್ಮ ಕೈವಾರದ ನಾರೇಯಣ ಯತಿಗಳೂ ತಮ್ಮ ಪದಗಳಲ್ಲಿ ಅಮರನಾರೇಯಣನನ್ನೇ ನೆನೆದರು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ, ತಿದ್ದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1993ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಭಾಗಗಳಲ್ಲಿ ಪ್ರಕಟವಾದಾಗಲೂ ಕೆಲವು ವಚನಕಾರರ ಅಂಕಿತ ಮಾತ್ರ ದೊರೆತಿತ್ತು, ಹೆಸರು ದೊರೆತಿರಲಿಲ್ಲ. ಆ ಗರಿಗಳನ್ನು ಪ್ರತಿಮಾಡಿ, ಹುಳು ಮುಟ್ಟದಂತೆ ಕಾಪಾಡಿದ ಕೈಗಳೆಷ್ಟೋ! ನಮಗೆ ಬಂದ ಅತಿ ದೊಡ್ಡ ಪುಸ್ತಕವೂ ಒಂದು ಬಗೆಯಲ್ಲಿ ವಿಳಾಸವಿಲ್ಲದೆಯೇ ಬಂದದ್ದು.

ಆದರೆ ಮೂಕರ್ಜಿಗೂ ಹೆಸರಿರುವುದಿಲ್ಲವಲ್ಲ! ಊರಿನಲ್ಲಿ ಒಬ್ಬರ ಮೇಲೆ ಕೆಸರೆರಚಿ ಬರೆಯುವವನು ಹೆಸರನ್ನು ಅಡಗಿಸುವುದು ವಿನಯದಿಂದಲ್ಲ, ಉತ್ತರ ಕೊಡಬೇಕಾದೀತೆಂಬ ಅಂಜಿಕೆಯಿಂದ. ಶರಣರು ಅಡಗಿ ಕುಳಿತವರಲ್ಲ. ಅವರು ಹಗಲಿನಲ್ಲಿ ಕಾಯಕ ಮಾಡಿದರು, ಅನುಭವಮಂಟಪದಲ್ಲಿ ಕೇಳಿದವರಿಗೆ ಉತ್ತರ ಕೊಟ್ಟರು. ಅಂಕಿತವೆಂಬುದು ಮರೆಯಲ್ಲ, ಸಾಕ್ಷಿ.

ಇನ್ನೊಂದು ಸಂದೇಹವೂ ನನ್ನನ್ನು ಬಿಡಲಿಲ್ಲ. ಹೆಸರು ಹೇಳದೆ ಕೊಟ್ಟವರು ನನ್ನಿಂದ ಕೃತಜ್ಞತೆ ಹೇಳುವ ಹಕ್ಕನ್ನು ಕಿತ್ತುಕೊಂಡಂತಾಗಲಿಲ್ಲವೇ? ತೀರಿಸಲಾಗದ ಋಣದಲ್ಲಿ ಒಬ್ಬನನ್ನು ಇರಿಸುವುದೂ ಒಂದು ಬಗೆಯ ಒಡೆತನವೇ. ಇದು ನನ್ನ ಅಹಂಕಾರದ ಮಾತಿರಬಹುದು; ಆದರೂ ನನಗೆ ಅದು ಪೂರ್ತಿ ಸುಳ್ಳೆಂದು ತೋರುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಉಂಡವನು ನಾಳೆ ಬಡಿಸಬಲ್ಲನು. ನಾನು ಯಾರಿಗೆ ಬಡಿಸಲಿ?

ಅಂಚೆಕಚೇರಿಯಲ್ಲಿ ವಿಚಾರಿಸಿದರೆ ಪತ್ತೆಯಾದೀತು ಎಂದು ಮನೆಯವರು ಹೇಳಿದರು. ನಾನು ವಿಚಾರಿಸಲಿಲ್ಲ. ಕಳುಹಿಸಿದವರು ತಿಳಿದುಬಿಟ್ಟರೆ ಉಳಿದವರ ಮುಖಗಳು ಮತ್ತೆ ಮರೆಯಾಗುತ್ತವೆ ಎಂಬ ಭಯ ನನಗಿತ್ತು.

ಮುಂದಿನ ಸೋಮವಾರ ಗೌರಿಬಿದನೂರಿಗೆ ಹೋದೆ. ಗೆಳೆಯರು ಬಾಗಿಲು ತೆರೆದು, ಗುರುತು ಹಿಡಿದು, ಒಳಗೆ ಕರೆದರು. ಪುಸ್ತಕವನ್ನು ತೋರಿಸಿದೆ. ಅವರು ಹಾಳೆಗಳನ್ನು ತಿರುವಿ, ಇದನ್ನು ತಾವು ಕಳುಹಿಸಿದ್ದಲ್ಲವೆಂದರು. ಆಮೇಲೆ ಅವರ ತಂದೆಯವರ ಕೊನೆಯ ದಿನಗಳ ಮಾತು ಬಂತು. ನಾನು ಹೊರಟಾಗ ದೀಪ ಹಚ್ಚುವ ಹೊತ್ತಾಗಿತ್ತು. ಪುಸ್ತಕವನ್ನು ಅಲ್ಲಿಯೇ ಬಿಟ್ಟುಬಂದೆ.