ಮಗುವಿನ ರಹದಾರಿ ಯಾರ ಸ್ವತ್ತು?



ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದಾಗ ಗುರುಗಳಿಂದ ಲಿಂಗಧಾರಣ ಮಾಡಿಸುವುದು ವಾಡಿಕೆ. ಮಗುವಿಗೆ ತಿಳಿವಳಿಕೆ ಬರುವವರೆಗೆ ತಾಯಿ ಆ ಲಿಂಗವನ್ನು ಜೋಪಾನ ಮಾಡುತ್ತಾಳೆ. ಆದರೆ ಯಾವ ತಾಯಿಯೂ ಅದು ತನ್ನದೆನ್ನಳು. ಯಾವ ತಂದೆಯೂ ಸಿಟ್ಟಿನಿಂದ ಅದನ್ನು ಬಚ್ಚಿಡನು. ಅದು ಮಗುವಿನದು, ಹಿರಿಯರು ಕಾವಲುಗಾರರು ಮಾತ್ರ. ಈ ನೀತಿಯನ್ನು ಲೌಕಿಕದ ಒಂದು ಚಿಕ್ಕ ಪುಸ್ತಕಕ್ಕೂ ಅನ್ವಯಿಸಿ ನೋಡೋಣ. ಅದು ಪಾಸ್‌ಪೋರ್ಟ್ ಎಂಬ ರಹದಾರಿ.

ಪರದೇಶದ ಈ ಮಾತಿಗೂ ನಮ್ಮ ಚಿಮ್ಮಡಕ್ಕೂ ಏನು ಸಂಬಂಧವೆನ್ನಬೇಡಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ, ಕಬ್ಬಿನ ಹೊಲಗಳ ಮಕ್ಕಳು ಓದಿ ದೂರದೇಶ ಸೇರುವ ಕಾಲವಿದು. ಅಲ್ಲಿ ಸಂಸಾರ ಒಡೆದರೆ ಅದರ ವ್ಯಾಜ್ಯ ಇಲ್ಲಿಯ ಪಡಸಾಲೆಗೆ ಬಂದು ಕೂಡುತ್ತದೆ. ಒಬ್ಬರು ಮಗುವಿನ ಪಾಸ್‌ಪೋರ್ಟನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕುವರು. ಇನ್ನೊಬ್ಬರು ನವೀಕರಣದ ಅರ್ಜಿಗೆ ಸಹಿ ಮಾಡಲೊಲ್ಲರು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ 5 ವರ್ಷ ಮಾತ್ರವಾದುದರಿಂದ ಈ ಜಗಳ ಮರಳಿ ಮರಳಿ ಹುಟ್ಟುತ್ತದೆ.

ಶಾಸನವೇನು ಹೇಳುತ್ತದೆ? 1967ರ ಪಾಸ್‌ಪೋರ್ಟ್ ಅಧಿನಿಯಮದ 17ನೆಯ ಕಲಮಿನಂತೆ ಪಾಸ್‌ಪೋರ್ಟ್ ಸದಾಕಾಲ ಕೇಂದ್ರ ಸರಕಾರದ ಸ್ವತ್ತು. ಅದು ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ಮಗುವಿನ ಅರ್ಜಿಗೆ ಸಾಮಾನ್ಯವಾಗಿ ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ಪ್ರತ್ಯೇಕ ಘೋಷಣಾಪತ್ರ ಕೊಡಲು ಅವಕಾಶವಿದೆ. ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿರುವ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ಮಗುವಿನ ಹಿತವೇ ಪರಮವೆಂದು ಸಾರುತ್ತದೆ.

ಆದರೂ ಬಚ್ಚಿಡುವವರ ಭಯ ಬರಿಯ ಭ್ರಮೆಯಲ್ಲ. ಅಮೆರಿಕದ ನ್ಯಾಯಾಲಯ ತಾಯಿಗೆ ಒಪ್ಪಿಸಿದ್ದ ಬಾಲಕನನ್ನು, ಭೇಟಿಗೆಂದು ಕರೆದೊಯ್ದ ತಂದೆ 1986ರಲ್ಲಿ ಪುಣೆಗೆ ತಂದನು. ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯ ಮಗುವನ್ನು ತಾಯಿಗೆ ಮರಳಿಸಿತು. ಇಂಥ ಮಕ್ಕಳನ್ನು ತ್ವರಿತವಾಗಿ ಹಿಂದಿರುಗಿಸಲು 1980ರಲ್ಲಿ ಹೇಗ್ ನಗರದಲ್ಲಾದ ಒಪ್ಪಂದಕ್ಕೆ ಭಾರತ ಸೇರಿಲ್ಲ. ಕೈಬಿಟ್ಟ ಮಗುವನ್ನು ಮತ್ತೆ ಕಾಣುವೆನೋ ಇಲ್ಲವೋ ಎಂಬ ಸಂಕಟವನ್ನು ಹಗುರವೆನ್ನಲು ಯಾರಿಗೆ ಬಾಯಿ ಬಂದೀತು?

ಭಯ ನಿಜ, ಆದರೆ ಅದಕ್ಕೆ ಮದ್ದು ತಿಜೋರಿಯಲ್ಲ. ಬಚ್ಚಿಟ್ಟ ಪುಸ್ತಕ ಎದುರಾಳಿಯನ್ನಷ್ಟೇ ಕಟ್ಟಿಹಾಕುವುದಿಲ್ಲ, ಮಗುವನ್ನೂ ಕಟ್ಟಿಹಾಕುತ್ತದೆ. ಅಜ್ಜಿಯ ಕೊನೆಗಾಲದ ದರ್ಶನ, ಪರದೇಶದ ಶಾಲೆಯ ಓದು ಎಲ್ಲವೂ ಆ ಕೀಲಿಯೊಳಗೆ ಸಿಕ್ಕಿಬೀಳುತ್ತವೆ. ಶಂಕೆಯಿದ್ದರೆ ಪಾಸ್‌ಪೋರ್ಟನ್ನು ಕುಟುಂಬ ನ್ಯಾಯಾಲಯದ ವಶಕ್ಕೊಪ್ಪಿಸಲು ಕೇಳಬಹುದು. ಹೋಗುವ ದಿನ, ಬರುವ ದಿನ, ಇರುವ ವಿಳಾಸಗಳನ್ನು ಲಿಖಿತವಾಗಿ ಪಡೆಯಬಹುದು. ಹಿರಿಯರು ಪಕ್ಷ ಕಟ್ಟದೆ ಈ ದಾರಿ ತೋರಲಿ.

ಕೈಯಲ್ಲಿರುವುದು ನಮ್ಮದಲ್ಲ, ಒಪ್ಪಿಸಬೇಕಾದುದು ಎಂಬುದೇ ಶರಣರ ದಾಸೋಹದ ತಿರುಳು. ಕಾವಲುಗಾರನು ಕೇಳಿದಾಗ ಲೆಕ್ಕ ಒಪ್ಪಿಸುತ್ತಾನೆ. ಒಡೆಯನೆಂದು ಭ್ರಮಿಸಿದವನು ಬಾಗಿಲು ಮುಚ್ಚುತ್ತಾನೆ. ವಾಚಕರೆ, ನಿಮ್ಮ ಪೆಟ್ಟಿಗೆಯಲ್ಲಿ ಅಂಥ ಪುಸ್ತಕವೊಂದಿದ್ದರೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದನ್ನು ಹಿಡಿದಿರುವುದು ಮಗುವಿಗಾಗಿಯೋ, ಮುರಿದ ದಾಂಪತ್ಯದ ಜಗಳವನ್ನು ಗೆಲ್ಲುವುದಕ್ಕಾಗಿಯೋ? ನಾಳೆ ಆ ಮಗು ದೊಡ್ಡದಾಗಿ ಇದೇ ಪ್ರಶ್ನೆಯನ್ನು ಕೇಳೀತು. ಅಂದಿನ ಉತ್ತರವನ್ನು ಇಂದೇ ಸಿದ್ಧಮಾಡಿಕೊಳ್ಳುವುದು ಲೇಸು.